ನಿಮ್ಮ ಹೊಲದ ಮಣ್ಣು ಯಾವುದು?



ಹಳ್ಳಿಗೆ ಹೋದಾಗ ನಾನು ಮೊದಲು ಕೇಳುವುದು ಇದೊಂದೇ ಪ್ರಶ್ನೆ: "ನಿಮ್ಮ ಹೊಲದ್ದು ಎಂಥ ಮಣ್ಣು?" ಎರೆ ಹೊಲದವರು ಹೆಮ್ಮೆಯಿಂದ, "ಕಾಡಿಗೆ ಇದ್ದಂಗೈತೆ, ನೋಡ್ರಿ" ಅನ್ನುತ್ತಾರೆ. ಕೆಂಪು ಹೊಲದವರು, "ಏನು ಮಣ್ಣೋ ಏನೋ ಸ್ವಾಮಿ, ಬರೀ ಮರಳು" ಎಂದು ಸುಮ್ಮನಾಗುತ್ತಾರೆ. ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಆದರೆ ಗೊಬ್ಬರದ ಅಂಗಡಿಗೆ ಹೋದಾಗ ಇಬ್ಬರೂ ತರುವುದು ಒಂದೇ ಚೀಲ. ಪಕ್ಕದ ಹೊಲದವನು ಏನು ಒಯ್ದನೋ ಅದೇ ನಮಗೂ ಇರಲಿ ಅನ್ನುತ್ತೇವೆ. ಎರೆಗೆ ಹಿತವಾದದ್ದು ಕೆಂಪಿಗೆ ಹಿತವೇ? ಕೆಂಪಿಗೆ ಬೇಕಾದಷ್ಟು ನೀರು ಎರೆಗೂ ಬೇಕೇ? ಇದನ್ನು ಯೋಚಿಸದೆ ಹೋದ ಮನೆಗಳಲ್ಲಿ ದುಡ್ಡು ಹೋದದ್ದಲ್ಲದೆ, ಕೆಲವರ ಹೊಲವೇ ಕೈಬಿಟ್ಟು ಹೋಗಿದೆ. ಆದುದರಿಂದ ಈ ಹೊತ್ತು ಗೊಬ್ಬರದ ಮಾತನ್ನು ಆಮೇಲಕ್ಕಿಟ್ಟು ಮಣ್ಣಿನ ಗುಣವನ್ನೇ ವಿಚಾರಿಸೋಣ.

ಮೊದಲು ಬಣ್ಣದ ಮಾತು. ಎರೆಮಣ್ಣು ಕಪ್ಪಗಿರುವುದು ಅದರಲ್ಲಿ ಗೊಬ್ಬರ ತುಂಬಿರುವುದರಿಂದ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಅತಿ ನುಣುಪಾದ ಜೇಡಿಯ ಕಣಗಳಿಗೆ ಸ್ವಲ್ಪವೇ ಸಾವಯವ ಪದಾರ್ಥ ಬಿಗಿಯಾಗಿ ಅಂಟಿಕೊಂಡಾಗ ಈ ಕಪ್ಪು ಬರುತ್ತದೆ. ಪರೀಕ್ಷೆ ಮಾಡಿಸಿದರೆ ಕಾಡಿಗೆಯಂಥ ಎರೆಯಲ್ಲೂ ಎಷ್ಟೋ ಸಲ ಸಾವಯವ ಇಂಗಾಲ ಸೇಕಡಾ ಅರ್ಧಕ್ಕಿಂತ ಕಡಿಮೆ ಸಿಕ್ಕುತ್ತದೆ. ಸಾರಜನಕವೂ ಕಡಿಮೆ, ಬೆಳೆಗೆ ದಕ್ಕುವ ರಂಜಕವೂ ಕಡಿಮೆ. ಕೆಂಪುಮಣ್ಣಿನ ಕೆಂಪು ಕಬ್ಬಿಣದ್ದು, ಮಳೆಗಾಲದಲ್ಲಿ ಹೊರಗೆ ಬಿಟ್ಟ ಗುದ್ದಲಿಗೆ ಹತ್ತುವ ತುಕ್ಕಿನ ಹಾಗೆ. ಆ ಬಣ್ಣಕ್ಕೂ ಸಾರಕ್ಕೂ ಅಷ್ಟು ಸಂಬಂಧವಿಲ್ಲ. ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಬೆರಳಿಗೆ ಹತ್ತುವ ಗುಣವೇ ಹೆಚ್ಚು ನಿಜ ಹೇಳುತ್ತದೆ.

ಆ ಗುಣವನ್ನು ಮನೆಯಲ್ಲೇ ತಿಳಿಯಬಹುದು. ಉಪ್ಪಿನಕಾಯಿಯ ಗಾಜಿನ ಜಾಡಿ ಒಂದು ಖಾಲಿಯಾದದ್ದು ಇರುತ್ತದಲ್ಲ, ಅದರ ಮೂರನೇ ಒಂದು ಭಾಗ ಪುಡಿಮಾಡಿದ ಮಣ್ಣು ಹಾಕಿ, ಉಳಿದದ್ದಕ್ಕೆ ನೀರು ತುಂಬಿ, ಒಂದು ಚಿಟಿಕೆ ಬಟ್ಟೆ ಒಗೆಯುವ ಸೋಪಿನ ಪುಡಿ ಬೆರೆಸಿ, ಮುಚ್ಚಳ ಬಿಗಿಮಾಡಿ ಚೆನ್ನಾಗಿ ಕುಲುಕಿ. ಆಮೇಲೆ ಅಲುಗಿಸದೆ ಇಡಿ. ಒಂದೆರಡು ನಿಮಿಷದೊಳಗೆ ತಳಕ್ಕೆ ಕೂತದ್ದು ಮರಳು. ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂರುವುದು ರೇವೆ, ಗೋದಿ ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಮಾರನೆಯ ದಿನ, ಇಲ್ಲವೇ ಅದರಾಚೆಯ ದಿನ ಮೇಲೆ ನಿಲ್ಲುವುದು ಜೇಡಿ. ಮೂರು ಪದರವೂ ಗಾಜಿನಾಚೆಯಿಂದ ಕಾಣುತ್ತವೆ. ಮಕ್ಕಳ ಕೈಲಿ ಮಾಡಿಸಿ, ಸಂತೋಷಪಡುತ್ತಾರೆ. ಜಾಡಿ ಇಲ್ಲದಿದ್ದರೆ ಹಸಿಮಣ್ಣನ್ನು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಪಟ್ಟಿಯಂತೆ ಒತ್ತಿ. ಎರಡಂಗುಲ ಬಂದರೂ ಮುರಿಯದಿದ್ದರೆ ಜೇಡಿ ಬಲವಾಗಿದೆ; ಉಂಡೆಯೇ ನಿಲ್ಲದಿದ್ದರೆ ಮರಳು ಬಲವಾಗಿದೆ. ನಡುವೆ ಇರುವುದನ್ನು ಗೋಡುಮಣ್ಣು ಎನ್ನುತ್ತೇವೆ. ಬೆಳೆಗೆ ಇದಕ್ಕಿಂತ ಒಗ್ಗುವ ಮಣ್ಣಿಲ್ಲ, ಆದರೆ ಎಲ್ಲರ ಹಣೆಯಲ್ಲಿ ಅದು ಬರೆದಿರುವುದಿಲ್ಲ.

ಒಳ್ಳೆಯ ಮಣ್ಣು ಎಂದರೆ ಬರೀ ಮಣ್ಣಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹದವಾದ ಹೊಲದಿಂದ ಒಂದು ಹೆಂಟೆ ತೆಗೆದರೆ ಅದರಲ್ಲಿ ಸುಮಾರು ಅರ್ಧ ಮಾತ್ರ ಗಟ್ಟಿ ಪದಾರ್ಥ. ಇನ್ನರ್ಧದಲ್ಲಿ ಗಾಳಿಯೂ ನೀರೂ ಹೆಚ್ಚುಕಡಿಮೆ ಸಮಪಾಲು. ಬೇರಿಗೆ ಉಸಿರೂ ಬೇಕು, ನೀರೂ ಬೇಕು. ಒಂದು ಹೆಚ್ಚಾದರೆ ಇನ್ನೊಂದು ಜಾಗ ಕಳೆದುಕೊಳ್ಳುತ್ತದೆ. ಎರೆಯಲ್ಲಿ ಕಷ್ಟ ಬರುವುದು ಗಾಳಿಯದು, ಕೆಂಪಿನಲ್ಲಿ ನೀರಿನದು.

ಇನ್ನು ಎರೆಭೂಮಿಗೆ ಬರೋಣ. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ, ಧಾರವಾಡ, ಬಳ್ಳಾರಿ, ಈ ಕಡೆಯೆಲ್ಲ ಎರೆಯ ಸೀಮೆ. ನಮ್ಮ ಚಿತ್ರದುರ್ಗದ ಕಡೆ ಎರಡೂ ಉಂಟು: ದಿಬ್ಬದ ಮೇಲೆ ಕೆಂಪು, ಇಳಿದು ತಗ್ಗಿಗೆ ಬಂದರೆ ಎರೆ, ನಡುವೆ ಅರ್ಧ ಗಂಟೆಯ ದಾರಿ. ಮೇಲಿನಿಂದ ಕರಗಿ ಬಂದ ಸುಣ್ಣದ ಅಂಶವೂ ನುಣ್ಣನೆಯ ಜೇಡಿಯೂ ತಗ್ಗಿನಲ್ಲಿ ಸೇರಿ ಎಷ್ಟೋ ಕಡೆ ಎರೆಯಾಗಿದೆ. ಎರೆಯಲ್ಲಿ ಜೇಡಿ ಸೇಕಡಾ ನಲವತ್ತರಿಂದ ಅರವತ್ತು, ಕೆಲವು ಕಡೆ ಅದಕ್ಕೂ ಹೆಚ್ಚು. ಈ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಗೆಯಲ್ಲಿ ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದು ಇದರಿಂದಲೇ. ಒಂದೇ ಆಳದ ಮಣ್ಣನ್ನು ತೆಗೆದುಕೊಂಡರೆ, ಎರೆಯು ಬೆಳೆಗೆ ಒದಗಿಸುವಷ್ಟು ನೀರನ್ನು ಕೆಂಪು ಮರಳುಗೋಡಿಗಿಂತ ಸುಮಾರು ಎರಡರಷ್ಟು ಹಿಡಿದಿಡಬಲ್ಲದು. ಹಿಂಗಾರಿ ಜೋಳ, ಕಡಲೆ, ಕುಸುಬೆ ಇವು ಬಿತ್ತಿದ ಮೇಲೆ ಒಂದು ಹನಿ ಮಳೆ ಕಾಣದೆ ಕೊಯ್ಲಿಗೆ ಬರುವುದು ಈ ಶಕ್ತಿಯಿಂದ. ನಮ್ಮ ಹಿರಿಯರು ಎರೆಗೆ ಮುಂಗಾರಿನಲ್ಲಿ ಕುಂಟೆ ಹೊಡೆದು ಕಾದು, ಹಿಂಗಾರಿಗೆ ಬಿತ್ತಿದ್ದು ಸೋಮಾರಿತನದಿಂದಲ್ಲ.

ಆದರೆ ಮಳೆ ನೀರು ಒಳಗೆ ಇಳಿಯಬೇಕಲ್ಲ. ಎರೆ ಒಮ್ಮೆ ಉಬ್ಬಿ ಬಾಯಿ ಮುಚ್ಚಿಕೊಂಡರೆ ಮೇಲಿನ ನೀರು ಹೊಲದ ಮಣ್ಣನ್ನೂ ಕರಕೊಂಡು ಹಳ್ಳಕ್ಕೆ ಓಡುತ್ತದೆ. ವಿಜಯಪುರದಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನೆ ಶುರುವಾಯಿತು. ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕು ಮಡಿಗಳಾಗಿ ಕಟ್ಟಿ, ಮಳೆ ಬಿದ್ದಲ್ಲೇ ಇಂಗುವಂತೆ ಮಾಡಿ, ಬಿತ್ತುವ ಹೊತ್ತಿಗೆ ಮುರಿಯುವ ಪದ್ಧತಿಯನ್ನು ಆ ಕಡೆಯ ರೈತರು ಈಗಲೂ ನಡೆಸುತ್ತಾರೆ. ಆಳವಾದ ಎರೆಗೆ ಸಮಪಾತಳಿಯ ದಪ್ಪ ಒಡ್ಡು ಹಾಕಿದರೆ ನೀರು ಒಡ್ಡಿನ ಹಿಂದೆ ನಿಂತು ಬೆಳೆ ಹಳದಿಯಾಗುತ್ತದೆ, ಬಿರುಕಿನಿಂದ ಒಡ್ಡೂ ಒಡೆಯುತ್ತದೆ. ಇಳಿಜಾರು ಕೊಟ್ಟ ಒಡ್ಡೇ ಇಲ್ಲಿ ಲೇಸು. ಬೆಳೆ ನಿಂತ ಮೇಲೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದನ್ನು ಬಿಡಬೇಡಿ. ಮುಚ್ಚದ ಬಿರುಕಿನಿಂದ ಒಳಗಿನ ಹಸಿಯೆಲ್ಲ ಬಿಸಿಲಿಗೆ ಆರಿಹೋಗುತ್ತದೆ.

ಈಗ ನಾನು ನಿಮಗೆ ಒತ್ತಿ ಹೇಳಬೇಕಾದ ಮಾತು. ಎರೆಗೆ ಕಾಲುವೆ ನೀರು ಬಂದರೆ ಭಾಗ್ಯ ಬಂತು ಅನ್ನುತ್ತೇವೆ, ಬಂದದ್ದೂ ನಿಜ. ತುಂಗಭದ್ರಾ ನೀರು 1953ರಲ್ಲಿ ಹರಿಯಿತು. ಎಡದಂಡೆ ಕಾಲುವೆಯ ಬಹುಪಾಲು ಭೂಮಿಗೆ ಯೋಜಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆ. ಕಾಲುವೆಯ ಮೇಲ್ಭಾಗದವರು ಭತ್ತ ನಾಟಿಮಾಡಿದರು. ವರ್ಷಕ್ಕೆರಡು ಬೆಳೆ, ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು. ಎರೆಯಲ್ಲಿ ಇಳಿದ ನೀರಿಗೆ ಹೊರಗೆ ಹೋಗುವ ದಾರಿ ಇಲ್ಲ. ನೆಲದೊಳಗಿನ ನೀರಿನ ಮಟ್ಟ ಮೇಲೇರಿತು. ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ ಮಣ್ಣು ಕೆಳಗಿನ ಉಪ್ಪುನೀರನ್ನು ಮೇಲಕ್ಕೆ ಎಳೆಯಿತು. ನೀರು ಆವಿಯಾಯಿತು, ಉಪ್ಪು ಉಳಿಯಿತು. ಹೀಗೆ ಗಂಗಾವತಿ, ಸಿಂಧನೂರು ಕಡೆಯಲ್ಲಿ ಚೌಳು ಬಿದ್ದ ಗದ್ದೆಗಳನ್ನು ನೀವು ನೋಡಿರಬಹುದು. ಮಲಪ್ರಭಾ, ಘಟಪ್ರಭಾ, ಕೃಷ್ಣಾ ಕಾಲುವೆಗಳ ಕೆಳಗೂ ಅದೇ ಕಥೆ. ಅಲ್ಲಿ ಸವಳು–ಜವಳು ಎನ್ನುತ್ತಾರೆ. ಹೆಚ್ಚು ನೀರು ಹಾಯಿಸಿದವನ ಹೊಲ ಮಾತ್ರ ಕೆಡುವುದಿಲ್ಲ, ಅವನಿಗಿಂತ ಕೆಳಗಿನ ತಗ್ಗಿನಲ್ಲಿ ಇರುವ ಬಡವನದು ಮೊದಲು ಕೆಡುತ್ತದೆ. ಇದನ್ನು ಊರಿನ ಪಂಚರು ಕೂತು ಮಾತನಾಡಬೇಕಾದ ವಿಷಯವೆಂದು ನನ್ನ ಅಭಿಪ್ರಾಯ. ಬಸಿಗಾಲುವೆಯನ್ನು ಒಬ್ಬನೇ ತೋಡಲಾರ, ತೋಡಿದರೂ ಮುಂದಿನ ಹೊಲದವನು ಬಿಡಬೇಕು.

ಚೌಳಿನಲ್ಲಿ ಎರಡು ಬಗೆ. ಎರಡಕ್ಕೂ ಒಂದೇ ಮದ್ದು ಮಾಡುವುದರಿಂದಲೇ ಬಹಳ ಹಣ ನೀರಿಗೆ ಹೋಗುತ್ತಿದೆ. ಉಪ್ಪು ಹೆಚ್ಚಾದ ಚೌಳಿಗೆ ಒಳ್ಳೆಯ ನೀರು ಕಟ್ಟಿ, ಬಸಿಗಾಲುವೆಯಿಂದ ಹೊರಗೆ ಹರಿಸಿದರೆ ಸಾಕು, ಜಿಪ್ಸಂ ಬೇಡ. ಸೋಡಿಯಂ ಹಿಡಿದ ಕ್ಷಾರ ಚೌಳಿಗೆ ಬರೀ ನೀರು ಸಾಲದು. ಜಿಪ್ಸಂ ಬೆರೆಸಿದರೆ ಅದರ ಕ್ಯಾಲ್ಸಿಯಂ ಜೇಡಿಗೆ ಅಂಟಿ ಸೋಡಿಯಂ ಸಡಿಲಾಗುತ್ತದೆ. ಆಮೇಲೆ ನೀರಿನಿಂದ ಅದನ್ನು ತೊಳೆಯಬೇಕು. ಎಷ್ಟು ಜಿಪ್ಸಂ ಎಂಬುದನ್ನು ಪ್ರಯೋಗಶಾಲೆಯೇ ಹೇಳಬೇಕು. ಅಲ್ಲಿಯವರೆಗೆ ಮನೆಯಲ್ಲಿ ಒಂದು ಸುಳಿವು ಪಡೆಯಬಹುದು. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು, ಕಡಲೆಕಾಳು ಗಾತ್ರದ ಒಣ ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆ ಕುಸಿದು ಬಿದ್ದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಹೆಂಟೆಯ ಸುತ್ತ ಹಾಲು ಬೆರೆಸಿದ ಹಾಗೆ ಮಂಜು ಕಟ್ಟಿದರೆ ಸೋಡಿಯಂ ಇದೆಯೆಂದು ಸಂಶಯಪಟ್ಟು ಮಣ್ಣನ್ನು ಪರೀಕ್ಷೆಗೆ ಕಳಿಸಿ. ಬಾವಿನೀರಿನಲ್ಲಿ ಈ ಪರೀಕ್ಷೆ ಮಾಡಬಾರದು, ನೀರಿನೊಳಗಿನ ಉಪ್ಪು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಕೆಂಪುಮಣ್ಣಿನವರು ಇಷ್ಟು ಹೊತ್ತು ಸುಮ್ಮನೆ ಕೇಳಿದಿರಿ. ಕೋಲಾರ, ತುಮಕೂರು, ಬೆಂಗಳೂರು, ಮಂಡ್ಯ, ಮೈಸೂರು ಸೀಮೆಯ ಬಹುಭಾಗ ಕಗ್ಗಲ್ಲು ಕರಗಿ ಹುಟ್ಟಿದ ಈ ಮಣ್ಣಿನದೇ. ಉಳುವುದು ಸುಲಭ, ಮಳೆ ಬಂದ ಮಾರನೆಯ ದಿನ ನೇಗಿಲು ಕಟ್ಟಬಹುದು, ಬೇರಿಗೆ ಗಾಳಿ ಸಿಕ್ಕುತ್ತದೆ. ರಾಗಿ, ಶೇಂಗಾ, ಅವರೆ, ತೊಗರಿ, ಹುರುಳಿ ಇಲ್ಲಿ ಒಗ್ಗುವುದು ಅದಕ್ಕೇ. ಆದರೆ ತೂತಿನ ಮಡಕೆಯ ಹಾಗೆ, ನೀರೂ ನಿಲ್ಲದು, ಹಾಕಿದ ಸಾರವೂ ನಿಲ್ಲದು. ಆದುದರಿಂದ ಯೂರಿಯಾವನ್ನು ಬಿತ್ತುವಾಗಲೇ ಪೂರಾ ಸುರಿಯಬೇಡಿ. ಎರಡು ಕಂತು, ಸಾಧ್ಯವಾದರೆ ಮೂರು ಕಂತು ಮಾಡಿ. ಮಗುವಿಗೆ ಉಣಿಸಿದ ಹಾಗೆ, ಸ್ವಲ್ಪ ಸ್ವಲ್ಪವಾಗಿ. ಎರೆಯವರಿಗೂ ಒಂದು ಮಾತು: ಅಲ್ಲಿ ಹಸಿನೆಲದ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಟ್ಟರೆ ಅದು ಗಾಳಿಗೆ ಹಾರಿಹೋಗುತ್ತದೆ, ಮಣ್ಣಿನೊಳಗೆ ಸೇರಿಸಬೇಕು.

ಕೆಂಪಿಗೆ ನಮ್ಮ ಹಿರಿಯರು ಕಂಡುಕೊಂಡ ಮದ್ದು ಕೆರೆಗೋಡು. ಕೆರೆ ತುಂಬುವ ಹೂಳು ಯಾವುದು? ನಮ್ಮದೇ ಹೊಲಗಳಿಂದ ಮಳೆಗೆ ಕೊಚ್ಚಿಹೋದ ನುಣ್ಣನೆಯ ಮಣ್ಣು. ಜೇಡಿಯೂ ಸಾರವೂ ಅದರಲ್ಲೇ ಇದೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದನ್ನು ಮರಳಿ ಹೊಲಕ್ಕೆ ಹೊಡೆಯುವುದೆಂದರೆ ನಮ್ಮ ಗಂಟನ್ನು ನಾವೇ ಬಿಡಿಸಿಕೊಂಡ ಹಾಗೆ. ಒಂದು ಎಕರೆಗೆ ಕಾಲು ಅಂಗುಲ ದಪ್ಪ ಹರಡಲು ಸುಮಾರು ಇಪ್ಪತ್ತಾರು ಘನ ಮೀಟರ್ ಗೋಡು ಬೇಕು. ಮೂರು ಘನ ಮೀಟರ್ ಹಿಡಿಸುವ ಟ್ರೇಲರ್ ಆದರೆ ಒಂಬತ್ತು ಲೋಡು. ಹರಡಿ ಉತ್ತರೆ ಮಳೆ ಹೋದ ಮೇಲೂ ಹಸಿ ಇನ್ನಷ್ಟು ದಿನ ನಿಲ್ಲುತ್ತದೆ. ಆದರೆ ಮೊದಲು ಒಂದು ಹಿಡಿ ಗೋಡನ್ನು ಪರೀಕ್ಷೆ ಮಾಡಿಸಿ. ಊರಿನ ಚರಂಡಿ ಸೇರುವ ಕೆರೆಯದು, ಚೌಳುನೆಲದ ಕೆರೆಯದು ಬೇಡ. ಎರೆ ಹೊಲಕ್ಕೆ ಇನ್ನೂ ಜೇಡಿಗೋಡು ಹೊಡೆಯುವುದರಲ್ಲಿ ಅರ್ಥವಿಲ್ಲ.

ಕರಾವಳಿಯ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಬೇರೆಯದೇ ಜಾತಿ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದಾಗ, ತೋಡುವಾಗ ಮೆತ್ತಗಿದ್ದು ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುವ ಈ ಕಲ್ಲನ್ನು ಕಂಡು, ಲ್ಯಾಟಿನ್ ಭಾಷೆಯ ಇಟ್ಟಿಗೆಯ ಮಾತಿನಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮವರು ಜಂಬಿಟ್ಟಿಗೆ ಎನ್ನುವುದರಲ್ಲೂ ಇಟ್ಟಿಗೆ ಇದೆ, ನೋಡಿ. ಅಲ್ಲಿಯ ಸುರಿಮಳೆ ಸುಣ್ಣದ ಅಂಶ, ಪೊಟ್ಯಾಷ್ ಎಲ್ಲವನ್ನೂ ತೊಳೆದು ಸಮುದ್ರಕ್ಕೆ ಒಯ್ದು ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ಉಳಿಸಿದೆ. ಮಣ್ಣು ಹುಳಿ. ಹಾಕಿದ ರಂಜಕವನ್ನು ಆ ಕಬ್ಬಿಣ ಹಿಡಿದುಕೊಂಡು ಬೆಳೆಗೆ ಬಿಡದು. ಪರೀಕ್ಷೆ ಹೇಳಿದಷ್ಟು ಸುಣ್ಣವನ್ನು ಗೊಬ್ಬರಕ್ಕೆ ಎರಡು ಮೂರು ವಾರ ಮೊದಲೇ ಹಾಕಿದರೆ ಹುಳಿ ಇಳಿಯುತ್ತದೆ. ಇಲ್ಲಿ ಶಿಲಾರಂಜಕವೂ ಕೆಲಸಕ್ಕೆ ಬರುತ್ತದೆ. ಎರೆಯಲ್ಲಿ ಅದೇ ಶಿಲಾರಂಜಕ ಕರಗದೆ ಸುಮ್ಮನೆ ಬಿದ್ದಿರುತ್ತದೆ. ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ತೋಟಕ್ಕೆ ಹಾಕುತ್ತ ಬಂದಿರುವುದು ಈ ಮಣ್ಣಿಗೆ ತಕ್ಕ ಬುದ್ಧಿ. ಹೊಳೆದಂಡೆಯ ಮೆಕ್ಕಲುಮಣ್ಣಿನವರಿಗೆ ನಾನು ಹೆಚ್ಚು ಹೇಳಬೇಕಾದ್ದಿಲ್ಲ. ಹೊಳೆ ತಂದುಕೊಟ್ಟದ್ದನ್ನು ಹೊಳೆಯೇ ಒಯ್ಯದಂತೆ ದಡದಲ್ಲಿ ಮರ, ಲಾವಂಚ ಬೆಳೆಸಿಕೊಳ್ಳಲಿ.

ಯಾವ ಮಣ್ಣೇ ಆಗಲಿ, ಅದಕ್ಕೆ ಜೀವ ಕೊಡುವುದು ಸಾವಯವ ಪದಾರ್ಥ. ಎರೆಯನ್ನು ಸಡಿಲಮಾಡುವುದೂ ಅದೇ, ಕೆಂಪಿನಲ್ಲಿ ನೀರು ಹಿಡಿಯುವುದೂ ಅದೇ. ಇದರ ಲೆಕ್ಕ ಸ್ವಲ್ಪ ಕೇಳಿ. ಒಂದು ಎಕರೆಯ ಮೇಲಿನ ಆರು ಅಂಗುಲ ಮಣ್ಣಿನ ತೂಕ ಸುಮಾರು ಒಂಬತ್ತು ಲಕ್ಷ ಕಿಲೋ. ಅದರಲ್ಲಿ ಸಾವಯವ ಇಂಗಾಲ ಸೇಕಡಾ 0.3 ಇದ್ದದ್ದು 0.5ಕ್ಕೆ ಏರಬೇಕಾದರೆ ಸಾವಿರದ ಎಂಟುನೂರು ಕಿಲೋ ಇಂಗಾಲ ಮಣ್ಣಿನಲ್ಲಿ ಉಳಿಯಬೇಕು. ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧದಷ್ಟು ನೀರೇ; ಉಳಿದದ್ದರಲ್ಲೂ ಬಹುಪಾಲನ್ನು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡುತ್ತವೆ. ಒಂದು ವರ್ಷ ಹತ್ತು ಗಾಡಿ ಹೊಡೆದು, "ಏನೂ ಆಗಲಿಲ್ಲ ಸಾರ್" ಅಂದರೆ ಹೇಗೆ? ವರ್ಷವರ್ಷವೂ ಎಕರೆಗೆ ಮೂರು ನಾಲ್ಕು ಟನ್ ಹಾಕುತ್ತ, ನಡುವೆ ಸೆಣಬು ಬಿತ್ತಿ ಹೂಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಿ, ಕಬ್ಬಿನ ರವದಿಗೆ ಬೆಂಕಿ ಇಡದೆ ಹೊಲದಲ್ಲೇ ಕೊಳೆಸಿದರೆ ನಿಧಾನವಾಗಿ ಏರುತ್ತದೆ. ತಿಪ್ಪೆಯನ್ನು ಬಿಸಿಲಿನಲ್ಲಿ ರಾಶಿ ಹಾಕದೆ ನೆರಳಿನ ಗುಂಡಿಯಲ್ಲಿ ಮಣ್ಣು ಮುಚ್ಚಿ ಮಾಗಿಸಿ. ಈ ಕೆಲಸ ಹೆಚ್ಚಾಗಿ ತಾಯಂದಿರ ಕೈಯಲ್ಲಿದೆ, ಆದುದರಿಂದ ಅವರಿಗೇ ಹೇಳುತ್ತಿದ್ದೇನೆ.

ಮೇಲುಮಣ್ಣನ್ನು ಇಟ್ಟಿಗೆ ಗೂಡಿಗೆ ಮಾರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಾಲದ ಬಾಧೆ ಇರುತ್ತದೆ, ಬಲ್ಲೆ. ಆದರೂ ಅಳೆದು ನೋಡಿ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೆ ಐದು ಟನ್ನಿಗೂ ಮಿಗಿಲು ಹೋಯಿತು. ಗೂಡಿನವರು ತೆಗೆಯುವುದು ಒಂದು ಅಡಿ, ಎರಡು ಅಡಿ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ ಹಿಡಿಯುತ್ತದೆ. ಮೇಲಿನ ಪದರ ಹೋದ ಹೊಲಕ್ಕೆ ಎಷ್ಟು ಚೀಲ ಗೊಬ್ಬರ ಸುರಿದರೂ ಬೆಳೆ ಮೊದಲಿನ ಹಾಗೆ ಏಳುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಒಂದು ಮಾತು ಕೇಳಿ ಮಾರಿ.

ಕೊನೆಗೆ ಮಣ್ಣು ಪರೀಕ್ಷೆ. 2015ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಬಂತು. ಹನ್ನೆರಡು ಅಂಶಗಳನ್ನು ಅದರಲ್ಲಿ ಬರೆದಿರುತ್ತಾರೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಅದು ಟ್ರಂಕಿನ ತಳದಲ್ಲಿದೆ. ತೆಗೆದು ನೋಡಿ. ರಸಸಾರ ಆರೂವರೆಯಿಂದ ಏಳೂವರೆಯೊಳಗೆ ಇದ್ದರೆ ಹೆಚ್ಚಿನ ಬೆಳೆಗಳಿಗೆ ಹಿತ. ಸಾವಯವ ಇಂಗಾಲ ಅರ್ಧಕ್ಕಿಂತ ಕೆಳಗಿದ್ದರೆ ಕಡಿಮೆ, ಮುಕ್ಕಾಲಿಗಿಂತ ಮೇಲಿದ್ದರೆ ಉತ್ತಮ. ಸತು, ಬೋರಾನು, ಗಂಧಕದ ಸಾಲುಗಳನ್ನು ದಾಟಿಹೋಗಬೇಡಿ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ನಮ್ಮ ಒಣಬೇಸಾಯದ ಹೊಲಗಳ ಮಣ್ಣು ನೋಡಿದಾಗ ಈ ಮೂರೂ ಬಹಳ ಕಡೆ ಕೊರತೆಯಾಗಿದ್ದವು. ಸಾರಿಗೆ ಉಪ್ಪಿಲ್ಲದಿದ್ದರೆ ಬೇಳೆ ಎಷ್ಟು ಹಾಕಿದರೇನು? ಕೊರತೆ ಇದ್ದರೆ ಹೇಳಿದಷ್ಟು ಸತುವಿನ ಸಲ್ಫೇಟ್ ಹಾಕಿ, ಡಿಎಪಿಯೊಡನೆ ಬೆರೆಸಬೇಡಿ. ಎರಡೂ ಕೂಡಿದರೆ ಸತುವೂ ರಂಜಕವೂ ಬೆಳೆಗೆ ಸಿಕ್ಕದ ಹಾಗೆ ಕಟ್ಟಿಕೊಳ್ಳುತ್ತವೆ.

ಇನ್ನೊಂದು ಸಂಗತಿ ಮುಚ್ಚಿಡಬಾರದು. ಆ ಚೀಟಿಗೆ ಮಾದರಿ ತೆಗೆದದ್ದು ಮೊದಲ ಸುತ್ತುಗಳಲ್ಲಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಒಣಬೇಸಾಯದಲ್ಲಿ ಹತ್ತು ಹೆಕ್ಟೇರಿಗೆ ಒಂದು. ಅಂದರೆ ನಿಮ್ಮ ಹೆಸರಿನ ಚೀಟಿಯ ಮಣ್ಣು ನಿಮ್ಮ ನೆರೆಯವನ ಹೊಲದ್ದಿರಲೂಬಹುದು. ನಿಮ್ಮದು ದಿಬ್ಬದ ಕೆಂಪು, ಅವನದು ತಗ್ಗಿನ ಎರೆಯಾದರೆ ಆ ಚೀಟಿ ನಿಮಗೆ ದಾರಿ ತೋರಿಸದು. ಆದುದರಿಂದ ನಿಮ್ಮ ಮಾದರಿಯನ್ನು ನೀವೇ ತೆಗೆಯಿರಿ.

ಸುಗ್ಗಿ ಮುಗಿದು ಹೊಲ ಖಾಲಿ ಇರುವಾಗ, ಗೊಬ್ಬರ ಹಾಕುವ ಮೊದಲು, ಇದನ್ನು ಮಾಡಬೇಕು. ಕೆಂಪು ಬೇರೆ, ಕಪ್ಪು ಬೇರೆ, ಬೆಳೆ ಸದಾ ಸೊರಗುವ ತುಣುಕು ಬೇರೆ, ಒಂದರೊಳಗೊಂದು ಬೆರೆಸಬೇಡಿ. ಒಂದು ತುಣುಕಿನಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಹದಿನೈದು ಕಡೆ ಗುರುತು ಮಾಡಿಕೊಳ್ಳಿ. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಹಾಕಿದ್ದಲ್ಲಿ, ನೀರುಗಾಲುವೆಯ ಹತ್ತಿರ ಬೇಡ. ಮೇಲಿನ ಕಸ ಸರಿಸಿ, ಆರು ಅಂಗುಲ ಆಳ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಣಿ ತೋಡಿ, ಅದರ ಒಂದು ಗೋಡೆಯಿಂದ ಮೇಲಿನಿಂದ ತಳದವರೆಗೆ ಒಂದಂಗುಲ ದಪ್ಪ ಮಣ್ಣು ಕೆತ್ತಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿ. ತಗಡಿನ ಬಕೆಟ್ಟು ಬೇಡ, ಅದರ ಸತುವು ಮಾದರಿಗೆ ಸೇರುತ್ತದೆ. ಎಲ್ಲ ಕಲಸಿ, ಬಟ್ಟೆಯ ಮೇಲೆ ರೊಟ್ಟಿಯಂತೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡು ಚೆಲ್ಲಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ, ನೆರಳಿನಲ್ಲಿ ಒಣಗಿಸಿ. ಹೊಸ ಬಟ್ಟೆಯ ಚೀಲದಲ್ಲಿ ಹಾಕಿ. ಗೊಬ್ಬರದ ಚೀಲ ಎಷ್ಟು ತೊಳೆದರೂ ಬೇಡವೇ ಬೇಡ. ಹೆಸರು, ಊರು, ಸರ್ವೆ ನಂಬರು, ಹೋದ ವರ್ಷದ ಬೆಳೆ, ಮುಂದೆ ಇಡುವ ಬೆಳೆ, ನೀರಾವರಿಯೋ ಮಳೆಯಾಶ್ರಯವೋ ಎಂದು ಚೀಟಿ ಬರೆದು ಒಳಗೊಂದು, ಹೊರಗೊಂದು ಇರಿಸಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅದನ್ನು ತಲುಪಿಸಿ. ಯುಗಾದಿಯ ಹೊತ್ತಿಗೆ ಕೊಟ್ಟರೆ ಮುಂಗಾರು ಬಿತ್ತನೆಗೆ ಮೊದಲೇ ಫಲಿತಾಂಶ ಕೈಗೆ ಬರುವ ಅವಕಾಶವುಂಟು. ಬಂದಾಗ ಟ್ರಂಕಿಗೆ ಹಾಕದೆ ಗೊಬ್ಬರದ ಅಂಗಡಿಗೆ ಹೋಗುವ ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿ.